ನಿಮ್ಮ ಇ-ಪತ್ರ ಇರುವುದು ಎಲ್ಲಿ?



ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸೋಣ. ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಕಂಪ್ಯೂಟರಿನ ಮುಂದೆ ಕುಳಿತು ನೀವು ನಿಮ್ಮ ಇ-ಮೇಲ್ ತೆರೆದಿದ್ದೀರಿ. ಪರದೆಯ ಮೇಲೆ ಪತ್ರಗಳ ಪಟ್ಟಿ ಕಾಣುತ್ತಿದೆ. ಆ ಪತ್ರಗಳು ಈಗ ಎಲ್ಲಿವೆ?

"ಇಲ್ಲೇ, ಕಣ್ಣೆದುರಿಗೇ ಇವೆಯಲ್ಲ" ಎನ್ನುತ್ತೀರಿ. ಸರಿ. ಈಗ ಈ ಕಂಪ್ಯೂಟರ್ ಕೆಟ್ಟುಹೋಯಿತೆನ್ನಿ. ಪತ್ರಗಳು ಉಳಿಯುತ್ತವೆಯೇ? ಕಂಪ್ಯೂಟರ್ ಚೆನ್ನಾಗಿದೆ, ಆದರೆ ಇಂಟರ್ನೆಟ್ ಸಂಪರ್ಕ ಎರಡು ದಿನದಿಂದ ಇಲ್ಲ. ಪತ್ರ ಓದಲು ಬರುತ್ತದೆಯೇ? ನಿಮ್ಮ ಕಾಲೇಜು ಕೊಟ್ಟ ಇ-ಮೇಲ್ ಖಾತೆಯನ್ನು ಪದವಿ ಮುಗಿದೊಡನೆ ಮುಚ್ಚಿದರು. ಆಗ? ಈ ಮೂರು ಪ್ರಶ್ನೆಗಳಿಗೂ ಉತ್ತರ ಒಂದೇ ಅಲ್ಲ. ಪತ್ರ ಕಾಣುವ ಜಾಗ ಒಂದು, ಪತ್ರ ಇರುವ ಜಾಗ ಇನ್ನೊಂದು. ಈ ವ್ಯತ್ಯಾಸ ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಅನುಭವದಿಂದಲೇ ಕಲಿತವನು.

ಒಂದು ಸೂಚನಾಫಲಕದ ಕಥೆ

ನಾನು ಕುಷ್ಟಗಿ ಕಡೆಯವನು. ರಾಯಚೂರು ಜಿಲ್ಲೆಯಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳನ್ನು ಬೇರ್ಪಡಿಸಿ 1997ರಲ್ಲಿ ಹೊಸ ಜಿಲ್ಲೆ ಮಾಡಿದರಲ್ಲ, ಅದರ ಮರುವರ್ಷ ಬಿ.ಎಸ್‌ಸಿ. ಓದಲು ಊರಿನಿಂದ ದೂರ ಹೋದೆ. ಆ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಯುನಿಕ್ಸ್ ನಡೆಸುವ ಒಂದು ದೊಡ್ಡ ಯಂತ್ರ. ಅದಕ್ಕೆ ಜೋಡಿಸಿದ ಹತ್ತಾರು ಪರದೆಗಳು. ಚಿತ್ರವಿಲ್ಲ, ಮೌಸ್ ಇಲ್ಲ, ಕಪ್ಪು ಪರದೆಯ ಮೇಲೆ ಅಕ್ಷರ ಮಾತ್ರ. ಅದರಲ್ಲಿ 'ಪೈನ್' ಎಂಬ ಪ್ರೋಗ್ರಾಂ ಮೂಲಕ ನಮಗೆ ಇ-ಮೇಲ್.

ನನ್ನ ಅಣ್ಣ ಆಗ ಮಸ್ಕತ್‌ನಲ್ಲಿ ಕೆಲಸಕ್ಕಿದ್ದ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುತ್ತಿದ್ದ. ಊರಿಗೆ ಹೊರಟಾಗ ಒಂದೆರಡು ಪತ್ರಗಳನ್ನು ಡಾಟ್ ಮ್ಯಾಟ್ರಿಕ್ಸ್ ಮುದ್ರಕದಲ್ಲಿ ತೆಗೆದುಕೊಂಡು ಹೋಗಿ ಅವ್ವನಿಗೆ ಓದಿ ಹೇಳುತ್ತಿದ್ದೆ. "ಉಳಿದ ಕಾಗದ ಎಲ್ಲಿಟ್ಟೀಯಪಾ?" ಎಂದು ಆಕೆ ಕೇಳುತ್ತಿದ್ದಳು. "ಎಲ್ಲಾ ಕಂಪ್ಯೂಟರಿನ್ಯಾಗ ಅದಾವ, ಬೇ" ಎನ್ನುತ್ತಿದ್ದೆ.

ಕೊನೆಯ ವರ್ಷದ ಪರೀಕ್ಷೆ ಮುಗಿಯುವ ಹೊತ್ತಿಗೆ ಸೂಚನಾಫಲಕದಲ್ಲಿ ಒಂದು ಹಾಳೆ ಅಂಟಿಸಿದ್ದರು: ತೇರ್ಗಡೆಯಾಗಿ ಹೋಗುವವರ ಖಾತೆಗಳನ್ನು ಅಳಿಸಲಾಗುವುದು. ಅದನ್ನು ನಾನು ಓದಿದ್ದೆ. ಆದರೂ ಚಿಂತಿಸಲಿಲ್ಲ. ಬಂದ ಪ್ರತಿಯೊಂದು ಪತ್ರವನ್ನೂ 'ಸೇವ್' ಮಾಡಿದ್ದೇನಲ್ಲ, ಇನ್ನೇನು ಭಯ? ಎಲ್ಲಿಗೆ ಸೇವ್ ಮಾಡಿದ್ದೇನೆ ಎಂದು ಮಾತ್ರ ಒಮ್ಮೆಯೂ ಯೋಚಿಸಲಿಲ್ಲ. ನಾನು ಉಳಿಸಿದ್ದೆಲ್ಲ ಅದೇ ಯಂತ್ರದಲ್ಲಿ, ಅದೇ ಖಾತೆಯ ಒಳಗೆ ಇತ್ತು. ಖಾತೆಯೊಂದಿಗೆ ಅದೂ ಹೋಯಿತು. ಇದರಲ್ಲಿ ಪ್ರಯೋಗಾಲಯದವರ ತಪ್ಪೇನೂ ಇರಲಿಲ್ಲ. ಅಣ್ಣ ಈಗ ಇಲ್ಲ. ಮುದ್ರಿಸಿಕೊಂಡಿದ್ದ ಒಂಬತ್ತು ಪತ್ರಗಳು ಅವ್ವನ ಟ್ರಂಕಿನಲ್ಲಿವೆ, ಅಷ್ಟೇ.

ಆ ತಪ್ಪು ನಿಮಗಾಗಬಾರದು ಎಂಬುದೇ ಈ ಲೇಖನದ ಉದ್ದೇಶ.

ಪೈನ್‌ನಿಂದ ಆಲ್ಪೈನ್‌ಗೆ

ಪೈನ್ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಹುಟ್ಟಿತು. ಕಂಪ್ಯೂಟರ್ ಪಂಡಿತರಲ್ಲದ ಕಚೇರಿ ಸಿಬ್ಬಂದಿಯೂ ಹೆದರದೆ ಬಳಸಬೇಕು ಎಂಬುದು ಅದರ ಗುರಿ. ಅದಕ್ಕಾಗಿಯೇ ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಪರದೆಯ ಕೊನೆಯ ಎರಡು ಸಾಲುಗಳಲ್ಲಿ ಸದಾ ತೋರಿಸುತ್ತಿತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ, ಕಡಿಮೆ ದರದ 'ಶೆಲ್' ಖಾತೆ ಪಡೆದವರು ಪತ್ರ ಬರೆದದ್ದು ಇದೇ ಪೈನ್‌ನಲ್ಲಿ. ಆ ಬಗೆಯ ಖಾತೆಗಳು ಈಗಿಲ್ಲ. ಪೈನ್‌ನ ಮುಂದಿನ ರೂಪ 'ಆಲ್ಪೈನ್' 2007ರಲ್ಲಿ ಬಂತು. ಅದು ಇಂದಿಗೂ ಉಚಿತವಾಗಿ ಸಿಗುತ್ತದೆ. ಉಬುಂಟು, ಡೆಬಿಯನ್ ಮುಂತಾದ ಲಿನಕ್ಸ್‌ಗಳಲ್ಲಿ ಒಂದೇ ಆಜ್ಞೆಯಿಂದ ಅಳವಡಿಸಿಕೊಳ್ಳಬಹುದು. ಮೂಲೆಗೆ ಸೇರಿದ ಹಳೆಯ ಕಂಪ್ಯೂಟರಿನಲ್ಲೂ ಅದು ಓಡುತ್ತದೆ.

ಮೊಬೈಲ್ ಇರುವಾಗ ಈ ಹಳೆಯ ಬಗೆಯ ಪ್ರೋಗ್ರಾಂ ಏಕೆ ಎಂದು ನೀವು ಕೇಳಬಹುದು. ಮೊಬೈಲಿನ ಆ್ಯಪ್ ಪತ್ರವನ್ನು ತೋರಿಸುತ್ತದೆ, ಅದು ಎಲ್ಲಿದೆ ಎಂಬುದನ್ನು ಮುಚ್ಚಿಡುತ್ತದೆ. ಆಲ್ಪೈನ್ ಮುಚ್ಚಿಡುವುದಿಲ್ಲ. ಯಾವ ಪತ್ರ ಯಾವ ಯಂತ್ರದ ಯಾವ ಫೋಲ್ಡರಿನಲ್ಲಿದೆ ಎಂಬುದನ್ನು ಅದು ಹೆಸರು ಹಿಡಿದು ಹೇಳುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಉಪಕರಣ ಸಿಗದು.

ಚೀಲ ಹೊತ್ತು ತರುವುದು, ಕಚೇರಿಗೆ ಹೋಗಿ ಓದುವುದು

ನಿಮಗೆ ಬಂದ ಪತ್ರ ಮೊದಲು ತಲಪುವುದು ನಿಮ್ಮ ಸೇವೆ ನಡೆಸುವವರ ಕಂಪ್ಯೂಟರಿಗೆ. ಇದನ್ನು ಸರ್ವರ್ ಎನ್ನುತ್ತಾರೆ. ಅಲ್ಲಿಂದ ನಿಮ್ಮನ್ನು ಮುಟ್ಟಲು ಎರಡು ಮುಖ್ಯ ದಾರಿಗಳಿವೆ.

ಮೊದಲನೆಯದು 'ಪಾಪ್'. ಇದು 1984ರಲ್ಲಿ ರೂಪುಗೊಂಡಿತು. ಯಲಬುರ್ಗಾದ ಅಂಚೆ ಕಚೇರಿಯಿಂದ ಹಳ್ಳಿಯ ಅಂಚೆಯಣ್ಣ ಚೀಲ ತರುತ್ತಾನಲ್ಲ, ಅಂಥದ್ದೇ ಇದು. ಪತ್ರ ನಿಮ್ಮ ಮನೆಗೆ ಬಂದ ಮೇಲೆ ಕಚೇರಿಯಲ್ಲಿ ಉಳಿಯುವುದಿಲ್ಲ. 'ಸರ್ವರಿನಲ್ಲೂ ಒಂದು ಪ್ರತಿ ಬಿಡು' ಎಂದು ನೀವು ಬೇರೆಯಾಗಿ ಹೇಳದಿದ್ದರೆ, ಪಾಪ್ ಪ್ರೋಗ್ರಾಂಗಳು ಹಿಂದೆ ಸಾಮಾನ್ಯವಾಗಿ ಪತ್ರ ಇಳಿಸಿಕೊಂಡು ಅಲ್ಲಿ ಅಳಿಸಿಬಿಡುತ್ತಿದ್ದವು. ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಹೀಗೆ ಪತ್ರ ಇಳಿಸಿಕೊಂಡವರು ಮರುದಿನ ಬೇರೆ ಕಂಪ್ಯೂಟರಿನಲ್ಲಿ ಹುಡುಕಿ ಕಂಗಾಲಾಗುತ್ತಿದ್ದರು.

ಎರಡನೆಯದು 'ಐಮ್ಯಾಪ್'. ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ಇದನ್ನು ರೂಪಿಸಿದರು. ಮುಂದೆ ಅವರು ಪೈನ್ ಹುಟ್ಟಿದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೇ ಬಂದರು. ಐಮ್ಯಾಪ್‌ನಲ್ಲಿ ಪತ್ರ ಸರ್ವರ್ ಬಿಟ್ಟು ಕದಲುವುದಿಲ್ಲ. ನೀವೇ ಕಚೇರಿಗೆ ಹೋಗಿ ಓದಿ ಬಂದಂತೆ. ಮನೆ, ಕಾಲೇಜು, ಮೊಬೈಲ್ ಎಲ್ಲಿಂದ ನೋಡಿದರೂ ಅದೇ ಪತ್ರ, ಅದೇ ಪಟ್ಟಿ.

ಇಲ್ಲಿ ಒಂದು ಎಚ್ಚರಿಕೆ. ಪಹಣಿಯ ಉದಾಹರಣೆ ತೆಗೆದುಕೊಳ್ಳಿ. ಅದರ ಮೂಲ ದಾಖಲೆ ಸರ್ಕಾರದ 'ಭೂಮಿ' ವ್ಯವಸ್ಥೆಯ ಕಂಪ್ಯೂಟರಿನಲ್ಲಿದೆ. ನಿಮ್ಮ ತಂದೆಯವರು ಮನೆಗೆ ತರುವುದು ಅದರ ಪ್ರತಿ. ಪ್ರತಿಯ ಮೇಲೆ ಪೆನ್ನಿನಿಂದ ಗೀಚಿದರೆ ಮೂಲಕ್ಕೆ ಏನೂ ಆಗದು. ಆದರೆ ಐಮ್ಯಾಪ್‌ನಲ್ಲಿ ನಿಮ್ಮ ಕೈಯಲ್ಲಿರುವುದು ಪ್ರತಿಯಲ್ಲ. ಪೆನ್ನು ಓಡುತ್ತಿರುವುದು ಮೂಲ ದಾಖಲೆಯ ಮೇಲೆಯೇ. ಕುಷ್ಟಗಿಯಲ್ಲಿ ಕುಳಿತು ನೀವು ಅಳಿಸಿದ ಪತ್ರ ಸಾವಿರಾರು ಮೈಲಿ ದೂರದ ಸರ್ವರಿನಲ್ಲಿ ಅಳಿಯುತ್ತದೆ.

'ಇಲ್ಲಿ' ಎಂದರೆ ಎಲ್ಲಿ?

ಆಲ್ಪೈನ್ ತೆರೆದು ಮುಖ್ಯ ಪಟ್ಟಿಯಲ್ಲಿ 'ಎಲ್' ಕೀಲಿ ಒತ್ತಿದರೆ ಫೋಲ್ಡರುಗಳ ಗುಂಪುಗಳು ಕಾಣುತ್ತವೆ. ಒಂದು ಗುಂಪು 'ಲೋಕಲ್', ಅಂದರೆ ಇಲ್ಲಿಯದು. ಇನ್ನೊಂದು 'ರಿಮೋಟ್', ಅಂದರೆ ದೂರದ ಸರ್ವರಿನದು. ಇಷ್ಟು ಸುಲಭವೇ ಎನ್ನಿಸಬಹುದು. ತೊಡಕು ಇರುವುದು 'ಇಲ್ಲಿ' ಎಂಬ ಮಾತಿನಲ್ಲಿ.

'ಇಲ್ಲಿ' ಎಂದರೆ ನೀವು ಕುಳಿತ ಜಾಗವಲ್ಲ, ಪ್ರೋಗ್ರಾಂ ಓಡುತ್ತಿರುವ ಜಾಗ. ನೀವು ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಆಲ್ಪೈನ್ ನಡೆಸಿದರೆ 'ಲೋಕಲ್' ಫೋಲ್ಡರ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿದೆ. ಆದರೆ ನೀವು ಸಂಪರ್ಕ ಪಡೆದು ಬೇರೊಂದು ಯಂತ್ರದೊಳಗೆ ಹೋಗಿ, ಅಲ್ಲಿ ಆಲ್ಪೈನ್ ನಡೆಸಿದರೆ 'ಲೋಕಲ್' ಫೋಲ್ಡರ್ ಆ ಯಂತ್ರದ್ದು. ನಿಮ್ಮೆದುರಿನ ಪರದೆ ಕಿಟಕಿ ಮಾತ್ರ. 1995ರ ಶೆಲ್ ಖಾತೆಯವರು ಮನೆಯಿಂದ ಫೋನ್ ಮಾಡಿ ಪೈನ್ ತೆರೆದಾಗಲೂ ಪೈನ್ ಓಡುತ್ತಿದ್ದುದು ಸೇವೆ ಕೊಟ್ಟವರ ಯಂತ್ರದಲ್ಲಿ. ನನ್ನ ಪ್ರಯೋಗಾಲಯದಲ್ಲೂ ಹಾಗೆಯೇ. ನಾನು ಎಡವಿದ್ದು ಈ ಒಂದು ಪದದ ಮೇಲೆ.

ಇದರಿಂದ ಒಂದು ಲಾಭವೂ ಇತ್ತು ಎನ್ನಬೇಕು. ಪತ್ರ ಬರೆಯುತ್ತಿರುವಾಗ ಫೋನ್ ಸಂಪರ್ಕ ಕಡಿದರೆ, ಆ ಕಡೆ ಓಡುತ್ತಿದ್ದ ಪೈನ್ ಅರ್ಧ ಬರೆದ ಪತ್ರವನ್ನು ಕಾದಿಟ್ಟು, ಮುಂದಿನ ಸಲ 'ಮುಂದುವರಿಸಲೇ?' ಎಂದು ಕೇಳುತ್ತಿತ್ತು.

ಈಗ ಕೈಯಾರೆ ಮಾಡೋಣ

ನಿಮ್ಮ ಸ್ವಂತ ಅಥವಾ ಮನೆಯ ಕಂಪ್ಯೂಟರಿನಲ್ಲಿ ಆಲ್ಪೈನ್ ಇದೆ, ಜಿಮೇಲ್ ಖಾತೆ ಇದೆ ಎಂದುಕೊಳ್ಳಿ. ಗೂಗಲ್ 2022ರಿಂದ ಇಂಥ ಪ್ರೋಗ್ರಾಂಗಳಿಗೆ ಸಾಮಾನ್ಯ ಪಾಸ್‌ವರ್ಡ್ ಒಪ್ಪುವುದಿಲ್ಲ. ಮೊದಲು ಖಾತೆಗೆ ಎರಡು ಹಂತದ ದೃಢೀಕರಣ ಹಾಕಿ, ನಂತರ 'ಆ್ಯಪ್ ಪಾಸ್‌ವರ್ಡ್' ಪಡೆದುಕೊಳ್ಳಬೇಕು.

ಮುಖ್ಯ ಪಟ್ಟಿಯಲ್ಲಿ 'ಎಸ್' ಒತ್ತಿ ಸೆಟಪ್‌ಗೆ ಹೋಗಿ. ಅಲ್ಲಿ 'ಎಲ್' ಒತ್ತಿದರೆ ಗುಂಪುಗಳ ಪಟ್ಟಿ ಬರುತ್ತದೆ. 'ಎ' ಒತ್ತಿ ಹೊಸ ಗುಂಪು ಸೇರಿಸಿ. ಅಡ್ಡಹೆಸರು ಎಂಬಲ್ಲಿ ನಿಮಗೆ ತಿಳಿಯುವಂತೆ 'ದೂರದ ಅಂಚೆ' ಎಂದೋ ಮತ್ತೇನೋ ಇಡಿ. ಸರ್ವರ್ ಎಂಬಲ್ಲಿ ಜಿಮೇಲ್‌ನ ಐಮ್ಯಾಪ್ ವಿಳಾಸ, ಅದರ ಮುಂದೆ ಓರೆಗೆರೆ ಹಾಕಿ 'ಎಸ್‌ಎಸ್‌ಎಲ್', ಮತ್ತೆ ಓರೆಗೆರೆ ಹಾಕಿ 'ಯೂಸರ್', ಸಮ ಚಿಹ್ನೆ, ನಿಮ್ಮ ಬಳಕೆದಾರ ಹೆಸರು ಬರೆಯಬೇಕು. ಎಸ್‌ಎಸ್‌ಎಲ್ ಎಂದರೆ ದಾರಿಯಲ್ಲಿ ಯಾರೂ ಓದದಂತೆ ಗುಟ್ಟಾಗಿ ಸಾಗಿಸುವ ಏರ್ಪಾಡು. ಇದು ಸರ್ವರಿನ 993ನೇ ಬಾಗಿಲನ್ನು ಬಳಸುತ್ತದೆ. ಗುಟ್ಟಿಲ್ಲದ ಹಳೆಯ ಬಾಗಿಲು 143.

ಮುಂದಿನ ಹೆಜ್ಜೆ ದೂರದ ಪತ್ರಗಳ ಪ್ರತಿಯನ್ನು ಇಲ್ಲಿಗೆ ತರುವುದು. ಇದಕ್ಕೆ ಮೊದಲು ಒಂದು ಕೆಲಸ ತಪ್ಪದೇ ಮಾಡಿ. ಆಲ್ಪೈನ್‌ನಲ್ಲಿ 'ಸೇವ್' ಎಂದರೆ ನಕಲು ತೆಗೆಯುವುದಲ್ಲ, ಸ್ಥಳಾಂತರಿಸುವುದು! ಪತ್ರವನ್ನು ಹೊಸ ಫೋಲ್ಡರಿಗೆ ನಕಲು ಮಾಡಿ, ಹಳೆಯದರ ಮೇಲೆ 'ಅಳಿಸಬೇಕಾದದ್ದು' ಎಂದು ಗುರುತು ಹಾಕುತ್ತದೆ. ಇದನ್ನು ತಡೆಯಲು ಸೆಟಪ್‌ನ ಕಾನ್ಫಿಗ್ ಪಟ್ಟಿಯಲ್ಲಿ 'ಸೇವ್ ವಿಲ್ ನಾಟ್ ಡಿಲೀಟ್' ಎಂಬ ಸಾಲನ್ನು ಹುಡುಕಿ ಗುರುತು ಮಾಡಿ. ಈಗ ಮೂಲವೂ ಉಳಿಯುತ್ತದೆ.

ಇನ್ನು ಇನ್‌ಬಾಕ್ಸ್ ತೆರೆಯಿರಿ. ಅರ್ಧವಿರಾಮ ಚಿಹ್ನೆಯ ಕೀಲಿ ಒತ್ತಿ, ನಂತರ 'ಎ' ಒತ್ತಿದರೆ ಎಲ್ಲ ಪತ್ರಗಳೂ ಆಯ್ಕೆಯಾಗುತ್ತವೆ. ಮತ್ತೆ 'ಎ' ಒತ್ತಿ 'ಎಸ್' ಒತ್ತಿ. ಯಾವ ಫೋಲ್ಡರಿಗೆ ಎಂದು ಕೇಳುತ್ತದೆ. ಇಲ್ಲಿ ಅವಸರ ಬೇಡ. ಕೇಳುವ ಆ ಸಾಲಿನಲ್ಲಿಯೇ ಗುಂಪಿನ ಹೆಸರೂ ಇರುತ್ತದೆ. ಅದು ದೂರದ ಗುಂಪಾಗಿದ್ದರೆ ಕಂಟ್ರೋಲ್ ಕೀಲಿಯೊಂದಿಗೆ 'ಎನ್' ಒತ್ತಿ ಇಲ್ಲಿಯ ಗುಂಪಿಗೆ ಬದಲಿಸಿ. ಫೋಲ್ಡರಿಗೆ ಹೆಸರು ಕೊಡಿ. ಕೆಲಸ ಮುಗಿದ ಮೇಲೆ ಆ ಫೋಲ್ಡರ್ ತೆರೆದು, ಪರದೆಯ ಮೇಲಿನ ಸಾಲಿನಲ್ಲಿ ಕಾಣುವ ಪತ್ರಗಳ ಸಂಖ್ಯೆ ಇನ್‌ಬಾಕ್ಸಿನ ಸಂಖ್ಯೆಗೆ ಸಮನಾಗಿದೆಯೇ ನೋಡಿ.

ಅಳಿಸುವ ಕ್ರಮವೂ ತಿಳಿದಿರಲಿ. 'ಡಿ' ಒತ್ತಿದರೆ ಪತ್ರ ಹೋಗುವುದಿಲ್ಲ. ಗುರುತು ಬೀಳುತ್ತದೆ, ಅಷ್ಟೇ. 'ಯು' ಒತ್ತಿದರೆ ಗುರುತು ಹೋಗುತ್ತದೆ. 'ಎಕ್ಸ್' ಒತ್ತಿ ಒಪ್ಪಿಗೆ ಕೊಟ್ಟಾಗ, ಅಥವಾ ಹೊರಡುವಾಗ ಅದು ಕೇಳುವ ಪ್ರಶ್ನೆಗೆ 'ಹೌದು' ಎಂದಾಗ ಮಾತ್ರ ಗುರುತಿರುವ ಪತ್ರಗಳು ಫೋಲ್ಡರಿನಿಂದ ಹೊರಹೋಗುತ್ತವೆ. ಕೊನೆಯ ಆ ಪ್ರಶ್ನೆಗೆ ಕಣ್ಣುಮುಚ್ಚಿ 'ಹೌದು' ಎನ್ನುವ ಅಭ್ಯಾಸ ಮಾಡಿಕೊಳ್ಳಬೇಡಿ.

ಸ್ವಲ್ಪ ಲೆಕ್ಕ

ವಿಜ್ಞಾನದ ವಿದ್ಯಾರ್ಥಿಗಳಿಗೆ ಲೆಕ್ಕವಿಲ್ಲದೆ ರುಚಿಸದು. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಇಂದು ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು. 'ಕ' ಒಂದು ಸಂಕೇತ, 'ಕಿ' ಎರಡು, 'ಕ್ಕ' ಮೂರು. 1000 ಸಂಕೇತಗಳ ಕನ್ನಡ ಪತ್ರವೆಂದರೆ ಸುಮಾರು 3000 ಬೈಟ್.

1995ರ ಮೋಡೆಮ್ ಸೆಕೆಂಡಿಗೆ 9600 ಬಿಟ್ ಸಾಗಿಸುತ್ತಿತ್ತೆನ್ನಿ. 8 ಬಿಟ್‌ಗೆ 1 ಬೈಟ್. ಅಂದರೆ ಹೆಚ್ಚೆಂದರೆ 1200 ಬೈಟ್. ನಮ್ಮ ಪತ್ರ ಎರಡೂವರೆ ಸೆಕೆಂಡಿನಲ್ಲಿ ಬರುತ್ತದೆ. ಅದರೊಡನೆ 30 ಲಕ್ಷ ಬೈಟಿನ ಒಂದು ಫೋಟೋ ಲಗತ್ತಿಸಿದ್ದರೆ? ಇ-ಮೇಲ್‌ನಲ್ಲಿ ಲಗತ್ತುಗಳನ್ನು ಸಾಮಾನ್ಯವಾಗಿ ಅಕ್ಷರರೂಪಕ್ಕೆ ಬದಲಿಸಿ ಕಳಿಸುತ್ತಾರೆ. ಆಗ ಪ್ರತಿ 3 ಬೈಟ್ 4 ಆಗುತ್ತದೆ. 40 ಲಕ್ಷವನ್ನು 1200ರಿಂದ ಭಾಗಿಸಿ ನೋಡಿ: ಸುಮಾರು 55 ನಿಮಿಷ!

ಐಮ್ಯಾಪ್‌ನ ಜಾಣತನ ಇಲ್ಲಿದೆ. ಅದು ಮೊದಲು ಪತ್ರಗಳ ತಲೆಬರಹ ಮಾತ್ರ ತರುತ್ತದೆ. ತೆರೆದರೆ ಒಕ್ಕಣೆ ತರುತ್ತದೆ. ಲಗತ್ತನ್ನು ನೀವು ಕೇಳಿದರಷ್ಟೇ ತರುತ್ತದೆ. ಮಳೆಗಾಲದಲ್ಲಿ ಸಿಗ್ನಲ್ ಒಂದೇ ಗೆರೆ ತೋರಿಸುವ ಹಳ್ಳಿಯಲ್ಲಿ ಇದು ಇಂದಿಗೂ ಉಪಯುಕ್ತ. ಪತ್ರ ಬರೆಯುವಾಗ ಸಂಪರ್ಕ ಹೋದರೂ ಚಿಂತೆಯಿಲ್ಲ. ಕಂಟ್ರೋಲ್ ಕೀಲಿಯೊಂದಿಗೆ 'ಒ' ಒತ್ತಿದರೆ ಪತ್ರವನ್ನು ಕಾದಿಟ್ಟು ನಂತರ ಮುಂದುವರಿಸಬಹುದು.

ಎರಡು ಬೆಟ್ಟ, ಒಂದೇ ಶಾಸನ

ಹಾಗಾದರೆ ಪತ್ರ ಎಲ್ಲಿದ್ದರೆ ಒಳ್ಳೆಯದು? ದೂರದಲ್ಲೋ ಇಲ್ಲೋ?

ದೂರದ ಸರ್ವರ್ ಶಾಶ್ವತವಲ್ಲ. ಕಾಲೇಜಿನ ಖಾತೆ ಕಾಲೇಜಿನೊಂದಿಗೆ ಮುಗಿಯಬಹುದು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಇಲ್ಲಿಯ ಯಂತ್ರವೂ ಶಾಶ್ವತವಲ್ಲ. ಡಿಸ್ಕ್ ಕೆಡುತ್ತದೆ, ಲ್ಯಾಪ್‌ಟಾಪ್ ಕಳೆಯುತ್ತದೆ. ಎರಡೂ ಕಡೆಯನ್ನು ತಾನೇ ಸರಿದೂಗಿಸುವ ಪ್ರೋಗ್ರಾಂಗಳಿವೆ ಎಂದು ನೀವು ಹೇಳಬಹುದು. ನಿಜ. ಆದರೆ ಸರಿದೂಗಿಸುವುದು ಬೇರೆ, ಕಾದಿಡುವುದು ಬೇರೆ. ಒಂದು ಕಡೆ ಅಳಿಸಿದ್ದನ್ನು ಇನ್ನೊಂದು ಕಡೆಯೂ ಅಳಿಸುವುದೇ ಸರಿದೂಗಿಸುವಿಕೆಯ ಕೆಲಸವಾಗಬಹುದು.

ಉತ್ತರ ನಮ್ಮೂರಿನಲ್ಲೇ ಇದೆ. ಕೊಪ್ಪಳದ ಗವಿಮಠದ ಬೆಟ್ಟಕ್ಕೂ ಪಾಲ್ಕಿಗುಂಡಿಗೂ ನೀವು ಹೋಗಿರಬಹುದು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಶೋಕ ತನ್ನ ಸಂದೇಶವನ್ನು ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಈ ಎರಡೂ ಕಡೆ ಬಂಡೆಯ ಮೇಲೆ ಕೊರೆಸಿದ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಅದೇ ಬಗೆಯ ಶಾಸನವಿದೆ. ಪಾಲ್ಕಿಗುಂಡಿನ ಶಾಸನ ಬಹಳಷ್ಟು ಸವೆದು ಚೂರುಚೂರಾಗಿ ಮಾತ್ರ ಉಳಿದಿದೆ. ಗವಿಮಠದ್ದು ಹೆಚ್ಚಿನಂಶ ಓದಲು ಸಿಗುತ್ತದೆ. ಒಂದೇ ಬಂಡೆಯನ್ನು ನಂಬಿದ್ದರೆ, ಆ ಬಂಡೆ ಪಾಲ್ಕಿಗುಂಡಿನದೇ ಆಗಿದ್ದರೆ, ಇಲ್ಲಿಯ ಜನ ಓದುವುದಕ್ಕೆ ಏನು ಉಳಿಯುತ್ತಿತ್ತು?

ನಿಮ್ಮ ಪತ್ರಗಳಿಗೂ ಎರಡು ಬೆಟ್ಟ ಬೇಕು. ಒಂದು ಪ್ರತಿ ದೂರದಲ್ಲಿ, ಒಂದು ಪ್ರತಿ ಇಲ್ಲಿ. ಆಲ್ಪೈನ್‌ನ ಇಲ್ಲಿಯ ಫೋಲ್ಡರ್ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಒಂದು ಅಕ್ಷರರೂಪದ ಫೈಲ್ ಆಗಿರುತ್ತದೆ. ಪತ್ರಗಳು ಒಂದರ ಕೆಳಗೊಂದು ಸಾಲಾಗಿರುತ್ತವೆ. ಅದನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ ಬೀರುವಿನಲ್ಲಿ ಇಡುವುದು ಒಂದು ನಿಮಿಷದ ಕೆಲಸ. ಆ ಫೈಲನ್ನು ನೇರವಾಗಿ ತೆರೆದರೆ ಕನ್ನಡ ಪತ್ರ ಸಂಕೇತಗಳಾಗಿ ಕಾಣಬಹುದು. ಹೆದರಬೇಡಿ. ಮೇಲ್ ಪ್ರೋಗ್ರಾಂ ಅದನ್ನು ಮತ್ತೆ ಕನ್ನಡ ಮಾಡುತ್ತದೆ.

ಮಾಡಿ ನೋಡಿ

ಈ ಭಾನುವಾರ ಮೂರು ಕೆಲಸ ಮಾಡಿ. ಒಂದು: ನಿಮಗೆ ಬೇಕಾದ ಹತ್ತು ಪತ್ರಗಳನ್ನು ಆರಿಸಿ. ಪ್ರವೇಶ ಪರೀಕ್ಷೆಯ ಅರ್ಜಿಯ ಸ್ವೀಕೃತಿ ಇರಬಹುದು, ವಿದ್ಯಾರ್ಥಿವೇತನದ್ದಿರಬಹುದು, ಗುರುಗಳು ಬರೆದದ್ದಿರಬಹುದು. ಮನೆಯವರ ಪತ್ರವಿದ್ದರೆ ಅದನ್ನು ಮೊದಲು ಆರಿಸಿ. ಎರಡು: ಅವುಗಳ ಪ್ರತಿಯನ್ನು ಇಲ್ಲಿಯ ಫೋಲ್ಡರಿಗೆ ತನ್ನಿ. ಮೂರು: ಇಂಟರ್ನೆಟ್ ಸಂಪರ್ಕ ತೆಗೆದುಹಾಕಿ, ಆ ಫೋಲ್ಡರ್ ತೆರೆಯಿರಿ. ಪತ್ರ ಓದಲು ಬಂದರೆ ಅದು ನಿಮ್ಮ ಬಳಿ ಇದೆ. ಬರದಿದ್ದರೆ ಅದು ಬೇರೆ ಎಲ್ಲೋ ಇದೆ, ನಿಮಗೆ ಕಾಣುತ್ತಿತ್ತು ಅಷ್ಟೇ.

"ಕಾಗದ ಎಲ್ಲಿಟ್ಟೀಯಪಾ?" ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ 'ಕಂಪ್ಯೂಟರಿನ್ಯಾಗ' ಎಂದು ಹೇಳಿ ಸುಮ್ಮನಾಗಬೇಡಿ. ಯಾವ ಕಂಪ್ಯೂಟರು, ಯಾರದು, ಎಷ್ಟು ದಿನ ಇರುತ್ತದೆ ಎಂದು ಹೇಳಲು ನಿಮಗೆ ಬರಬೇಕು.